ಕಿರಾಲುಬೋಗಿಯ ತುಂಡು

ಉಪ್ಪಳ ಪೇಟೆಗೆ ಹೊರಟಾಗ
ಚೀಲದಲ್ಲಿ ದುಡ್ಡಿನ ಜೊತೆ ಒಂದು ಮರದ ತುಂಡು,
ಹಳೆಯ ಪೇಪರು ಸುತ್ತಿ.
ಬಸ್ಸಿನಲ್ಲಿ ಪಕ್ಕದವಳು ಕೇಳಿದಳು: ಮೀನಾ?
ಅಲ್ಲ, ಕಿರಾಲುಬೋಗಿ.
ನೀರಲ್ಲಿ ನಿಂತರೂ ಕೊಳೆಯದ ಜಾತಿ,
ಮೊಳೆ ಕಂಡರೆ ಹಲ್ಲು ಕಚ್ಚುವ ಜಾತಿ.

ಅಂದುಂಞಿಯ ಅಂಗಡಿಯಲ್ಲಿ ಯಂತ್ರಗಳು
ಗಾಜಿನ ಹಿಂದೆ ಮಲಗಿದ್ದವು,
ಹಸಿರು, ಹಳದಿ, ಒಂದು ಕಡುನೀಲಿ.
"ಎಂಥದಕ್ಕೆ ತ್ಯಾಂಪಣ್ಣ?"
ಸಂಕಕ್ಕೆ. ಆರಿಂಚಿನ ತಿರುಪು, ಕಿರುಬೆರಳ ದಪ್ಪ,
ನೂರಾ ನಲ್ವತ್ತು.
ಅವನು ಪಿರಿಯಾಣಿ ಅಂದ, ನಾನು ತಿರುಪು ಅಂದೆ,
ಡಬ್ಬದ ಮೇಲೆ ಚೀನಾದವರು ಇನ್ನೇನೋ ಅಂದಿದ್ದರು.

ಇಷ್ಟು ವರ್ಷ ಕೈಯಲ್ಲೇ ತಿರುಗಿಸಿದವನು ನಾನು.
ಸ್ಪ್ಯಾನರು, ಬಾರ್ ಸೋಪು, ಬೈಗುಳ,
ಮೂರೂ ಸಾಲದಾಗ ಹೊಟ್ಟೆಯ ಭಾರ.
ಹೋದ ಮಳೆಗಾಲ ಏಣಿ ಜಾರಿ ಮಣಿಗಂಟು ಮುರಿಯಿತು.
ಕೂಡಿದೆ, ಆದರೆ ಚಾದ ಲೋಟ ಹಿಡಿದರೂ
ಒಳಗೆ ಏನೋ ಸಡಿಲವಾದ ಸದ್ದು.

ಮೊದಲಿನದು ಹನ್ನೆರಡು ವೋಲ್ಟು.
ಹಗುರ, ಮಗುವಿನ ಕೈಯಂತೆ ಹಿಡಿಗೆ ಸಿಕ್ಕಿತು.
ಒಂದಿಂಚು ಇಳಿಸಿ ನಿಂತು ಮುಲುಕಿತು,
ಬಿಸಿ ಪ್ಲಾಸ್ಟಿಕ್ಕಿನ ವಾಸನೆ.
ಅಂದುಂಞಿಯ ಮಗ ಸಿನಾನ್ ನಾಚಿ ಒಳಗಿಟ್ಟ.

ಎರಡನೆಯದು ದೊಡ್ಡದು, ಪಕ್ಕಕ್ಕೊಂದು ಹಿಡಿ ಬೇರೆ.
"ಇದರ ಶಕ್ತಿ ಅಣ್ಣಾ, ಗೋಡೆ ಬೇಕಾದ್ರೂ..."
ಪಕ್ಕದ ಹಿಡಿ ಹಾಕದೆ ಒತ್ತಿದೆ, ನನ್ನದೇ ಅಹಂಕಾರ.
ನಾಲ್ಕಿಂಚು ಬಾಳೆದಿಂಡಿಗೆ ಇಳಿದ ಹಾಗೆ.
ಅಲ್ಲಿ ಒಂದು ಗಂಟು.
ತಿರುಪು ನಿಂತಿತು. ಯಂತ್ರ ನಿಲ್ಲಲಿಲ್ಲ.
ತಿರುಗಬೇಕಾದ್ದು ತಿರುಗದಿದ್ದರೆ
ತಿರುಗಿಸುವವನೇ ತಿರುಗಬೇಕಲ್ಲ,
ಮುರಿದು ಕೂಡಿದ್ದು ಮೊಣಕೈವರೆಗೆ ಕೂಗಿತು.
ಯಾರೂ ಮಾತಾಡಲಿಲ್ಲ. ಫ್ಯಾನು ಮಾತ್ರ.

ಮೂರನೆಯದನ್ನು ಸಿನಾನ್ ತಾನಾಗಿಯೇ ತಂದ.
ಕುತ್ತಿಗೆ ಇಲ್ಲದ ಗಿಡ್ಡ, ನೋಡಿದರೆ ನಗು.
"ಇದು ಕೈ ತಿರುಚುವುದಿಲ್ಲ, ಬಡಿಯುತ್ತದೆ" ಅಂದ.
ಅದೇ ಗಂಟಿಗೆ ಹೊಸ ತಿರುಪು.
ಸುಮ್ಮನೆ ಹೋಗುತ್ತಿದ್ದದ್ದು ಗಂಟು ಸಿಕ್ಕಿದ್ದೇ
ಕಟಕಟಕಟ,
ಚೀಟಿಯ ದುಡ್ಡು ಕೇಳಲು ಬಂದವನು ಬಾಗಿಲು ಬಡಿದ ಹಾಗೆ.
ಒಂದೊಂದು ಪೆಟ್ಟಿಗೂ ಕೂದಲೆಳೆಯಷ್ಟು ತಿರುಗಿ
ತಲೆ ಮರಕ್ಕೆ ಕೂತಿತು.
ಮಣಿಗಂಟಿಗೆ ಸುದ್ದಿಯೇ ಇಲ್ಲ.
ಮೆಟ್ಟಿಲಲ್ಲಿ ಮಲಗಿದ್ದ ನಾಯಿ ಮಾತ್ರ ಎದ್ದು ಹೋಯಿತು.

ಆಮೇಲೆ ಬ್ಯಾಟರಿಯ ಚರ್ಚೆ.
ಎರಡು ಬೇಕಾದರೆ ಎರಡೂವರೆ ಸಾವಿರ ಜಾಸ್ತಿ,
ಪಂಚಾಯತಿನ ಮುಂಗಡದಲ್ಲಿ ಆ ಎರಡೂವರೆ ಇರಲಿಲ್ಲ.
ಆದರೆ ಕರೆಂಟು ಇರುವುದು ತೋಡಿನ ಆಚೆ,
ಅಂಗನವಾಡಿಯ ಗೋಡೆಯ ಒಂದೇ ಪ್ಲಗ್ಗಿನಲ್ಲಿ.
ಸುಗಂಧಿ ಟೀಚರು ದಿನವೂ ಸೀರೆ ಎತ್ತಿಕಟ್ಟಿ ದಾಟುತ್ತಾಳೆ.
ಒಂದು ಬ್ಯಾಟರಿ ಈಚೆ ಬಡಿಯುವಾಗ
ಇನ್ನೊಂದು ಆಚೆ ಕುಡಿಯುತ್ತಿರಬೇಕು.
ಸಂಕ ಆಗುವ ತನಕ ಸಂಕದ ಜೀವ
ಅವಳ ತಲೆಯ ಮೇಲೆ, ಟಿಫಿನ್ನಿನ ಚೀಲದಲ್ಲಿ, ನೀರು ದಾಟಬೇಕು.
ಎರಡು ಕೊಡು ಅಂದೆ. ಬಾಕಿ ಬರೆದುಕೋ.

ಹೊರಡುವಾಗ ನೆನಪಾಗಿ ಕೇಳಿದೆ:
ಇದು ಹಿಂದಕ್ಕೂ ತಿರುಗುತ್ತದಾ?
"ಹಾಕುವ ಮೊದಲೇ ತೆಗೆಯುವ ಮಾತಾ?" ಅಂದುಂಞಿ ನಕ್ಕ.
ಒಂದು ದಿನ ಕಾಂಕ್ರೀಟಿನದ್ದು ಬರುತ್ತದೆ ಮಾರಾಯ.
ಅವತ್ತು ಜೆಸಿಬಿಯವನು ಒಡೆದು ಹಾಕುವ ಮೊದಲು
ನೂರಾ ನಲ್ವತ್ತನ್ನೂ ನಾನೇ ಬಿಚ್ಚಬೇಕು.
ಹಲಗೆ ಕೊಳೆತಿರುವುದಿಲ್ಲ, ನೋಡು.

ಸಿನಾನ್ ಪುಟ್ಟ ಸ್ವಿಚ್ಚನ್ನು ಆಚೆ ದೂಡಿದ.
ತುಂಡಿನಿಂದ ತಿರುಪು ಮೆಲ್ಲಗೆ ಮೇಲೆ ಬಂತು,
ಎಳೆಗಳ ನಡುವೆ ಕೆಂಪು ಪುಡಿ.
ಬೆರಳಲ್ಲಿ ಮುಟ್ಟಿದೆ. ಸುಡುತ್ತಿತ್ತು.