ಒಂದು ರೂಪಾಯಿ ದಪ್ಪ

ಬರೋ ವರ್ಷದ ಗಾಡಿಗೆ ಏನೇನು ಹಾಕ್ತಾರೆ
ಎಂಬುದರ ಮೇಲೆ
ನಮ್ಮ ಲೇತ್ ಅಂಗಡಿಯಲ್ಲಿ ಎರಡು ಪಂಗಡ.

ಹಾಲೇಶಿಯದು ಟರ್ಬೊ. ಎರಡು ಟರ್ಬೊ, ಅತ್ತೊಂದು ಇತ್ತೊಂದು,
"ಜೋಡೆತ್ತು ಹೂಡಿದಂಗೆ" ಅಂತ ಗ್ರೀಸಿನ ಕೈಯಲ್ಲೇ ತೋರಿಸುತ್ತಾನೆ.
ಜಬೀವುಲ್ಲಾನದು ಸೂಪರ್‌ಚಾರ್ಜರ್.
"ಟರ್ಬೊ ಅಂದ್ರೆ ಹೊಗೆ ಬಂದ ಮೇಲೆ ಏಳೋದು.
ಬೆಲ್ಟು ಹಾಕಿದ್ದು ಕಾಯಂಗಿಲ್ಲ. ಕಾಲಿಟ್ಟೆ ಅನ್ನೋದರೊಳಗೆ ಎದ್ದಿರ್ತತಿ."
ನಾನು ಬಿಲ್ಲು ಬರೆಯುವವ. ನನ್ನನ್ನು ಯಾರೂ ಕೇಳುವುದಿಲ್ಲ.

ಮಸ್ಟಾಂಗನ್ನು ನಾವು ಮೂವರೂ ನೋಡಿಲ್ಲ.
ಕೇಳಿದ್ದೇವೆ, ಒಮ್ಮೆ.
ಎರಡು ವರ್ಷದ ಹಿಂದೆ, ಮೆಕ್ಕೆಜೋಳದ ಸೀಸನ್ನು, ರಾತ್ರಿ ಎರಡರ ಮೇಲೆ,
ಟ್ರಾಕ್ಟರ್ ಒಂದರ ಬ್ಲಾಕ್ ಬೋರಿಂಗ್ ಮುಗಿಸಿ ಬೀಡಿ ಹಚ್ಚಿದ್ದೆವು.
ಬೈಪಾಸಿನ ಕಡೆಯಿಂದ ಒಂದು ದನಿ ಬಂತು.
ಲಾರಿಯದಲ್ಲ. ಬುಲೆಟ್ಟಿನದೂ ಅಲ್ಲ.
ತಗಡಿನ ಚಾವಣಿಗೆ ಸಿಕ್ಕಿಸಿದ್ದ ಬಲ್ಬು ಸಣ್ಣಗೆ ನಡುಗಿತು.
ಜಬೀವುಲ್ಲಾ ಬೆರಳು ಮಡಿಚುತ್ತಾ ಹೋದ:
"ಎಂಟು ಸಿಲಿಂಡರು. ಐದು ಲೀಟರು. ನಾಲ್ಕನೇ ಗೇರಿಗೆ ಹಾಕಿದ ನೋಡು ಈಗ."
ಹರಿಹರದ ಕಡೆ ಹೋದ ಸದ್ದು
ತುಂಗಭದ್ರೆ ದಾಟಿತೋ ಏನೋ, ನಿಂತಿತು.
ಬೀಡಿ ಆರಿದ್ದು ಯಾರಿಗೂ ಗೊತ್ತಾಗಲಿಲ್ಲ.

ಅವತ್ತು ಹಿಡಿದದ್ದು ಈ ಹುಚ್ಚು.

ಸಂಜೆ ಮಂಡಕ್ಕಿ ಮೆಣಸಿನಕಾಯಿ ಬಂದಾಗ
ಎಣ್ಣೆ ಹತ್ತಿದ ಪೇಪರಿನ ಮೇಲೆಯೇ ಲೆಕ್ಕ.
ಈಗ ನಾನೂರ ಎಂಬತ್ತು ಕುದುರೆ.
ಬರೋ ವರ್ಷ ಏಳುನೂರು, ಹಾಲೇಶಿ.
ಎಂಟುನೂರಕ್ಕೆ ಒಂದೂ ಕಮ್ಮಿ ಇಲ್ಲ, ಜಬೀವುಲ್ಲಾ.
ದಾವಣಗೆರೆ ಸ್ಟೇಷನ್ನಿನ ಮುಂದೆ ಮೂವತ್ತು ವರ್ಷ ಜಟಕಾ ಹೊಡೆದ
ಮುರಿಗೆಪ್ಪಜ್ಜ ಪಕ್ಕದ ಕಟ್ಟೆಯಿಂದ ಕೇಳುತ್ತಾನೆ,
"ಎಂಟುನೂರಾ? ನನ್ನದು ಒಂದೇ ಇತ್ತಲ್ಲೋ,
ಅದರ ಹುಲ್ಲಿಗೇ ನನ್ನ ಹೆಂಡ್ತಿ ಬಳೆ ಹೋದ್ವು.
ಹೋಗ್ಲಿ, ಅವಕ್ಕೆಲ್ಲಾ ಲಾಳ ಎಲ್ಲಿ ಕಟ್ಟಿಸ್ತಾರೆ?"
"ಟೈರ್ ಅಜ್ಜಾ, ಟೈರ್. ಅದೇ ನೋಡು ತೊಂದ್ರೆ."
ಜಬೀವುಲ್ಲಾ ಗಂಭೀರನಾಗುತ್ತಾನೆ:
"ಅಷ್ಟು ಶಕ್ತಿ ನೆಲಕ್ಕೆ ಇಳಿಸೋದು ಹೆಂಗೆ? ಅದನ್ನ ಯಾರೂ ಮಾತಾಡ್ತಿಲ್ಲ."

ಹೌದು. ಹದಡಿ ರಸ್ತೆಯಲ್ಲಿ, ಅಂಗಡಿಯ ಎದುರಿನ ಗುಂಡಿಯಲ್ಲಿ
ಆಗ ಒಂದು ಆಟೋ ಇಳಿದು ಏಳುತ್ತಿತ್ತು.

ಒಂದು ಭಾನುವಾರ, ಕರೆಂಟು ಇದ್ದ ಎರಡು ತಾಸು,
ಅವನು ಒಂದು ಪುಲ್ಲಿ ಕಡೆದ.
ಯಾರೂ ಆರ್ಡರ್ ಕೊಟ್ಟಿರಲಿಲ್ಲ.
ಮುಚ್ಚಿದ ಕಾಟನ್ ಮಿಲ್ಲಿನ ಹರಾಜಿನಲ್ಲಿ ತೂಕಕ್ಕೆ ಬಂದ ಶಾಫ್ಟಿನ ತುಂಡು,
ಹಳೆಯ ಕಾಲದ ಉಕ್ಕು, ಟೂಲು ಕಚ್ಚಿದರೆ ನೀಲಿ ಸುರುಳಿ ಬಿಡುತ್ತಿತ್ತು.
"ಕಂಪನಿಯವರು ಹಾಕೋದಕ್ಕಿಂತ ಒಂದು ರೂಪಾಯಿ ದಪ್ಪ ಸಣ್ಣ.
ಪುಲ್ಲಿ ಸಣ್ಣ ಆದಷ್ಟೂ ಬ್ಲೋವರ್ ಜೋರು."
ಇನ್ನೂ ಬಂದೇ ಇಲ್ಲದ ಗಾಡಿಯ ಅಳತೆ ನಿನಗೆ ಹೇಗೆ ಗೊತ್ತು, ಅಂದೆ.
"ಬಂದಿದ್ರೆ ಟೇಪು ಹಿಡೀತಿದ್ದೆ. ಬಂದಿಲ್ಲ, ಅದಕ್ಕೇ ಕಿವಿ."

ಏಳು ತಿಂಗಳು ಅದು ನನ್ನ ಬಿಲ್ಲುಗಳ ಮೇಲೆ ಕೂತಿತ್ತು,
ಫ್ಯಾನಿನ ಗಾಳಿಗೆ ಜಿಎಸ್‌ಟಿ ಕಾಗದ ಹಾರದಂತೆ.

ಶಮಶಾದ್‌ಬಿ ಬಂದಳು ಒಂದು ಬೆಳಿಗ್ಗೆ,
ಮಂಡಕ್ಕಿ ಭಟ್ಟಿಯವಳು, ಹುಬ್ಬಿನಲ್ಲಿ ಹೊಟ್ಟಿನ ಬೂದಿ.
ಬ್ಲೋವರಿನ ಪುಲ್ಲಿ ಒಡೆದಿದೆ, ಒಲೆ ಆರುತ್ತಿದೆ, ಮರಳು ತಣ್ಣಗಾಗುತ್ತಿದೆ.
ಒಡೆದ ಚೂರುಗಳನ್ನು ಸೆರಗಿನಿಂದ ಮೇಜಿಗೆ ಸುರಿದಳು.
ಕಣ್ಣು ಬಿಲ್ಲುಗಳ ಮೇಲೆ ಹೋಯಿತು. "ಇದು ಯಾರದು?"

ಯಾರದು ಅಂತ ಹೇಳುವುದು.
ಜಬೀವುಲ್ಲಾ ನನ್ನನ್ನು ನೋಡಿದ, ಹಾಲೇಶಿ ಬೀದಿಯನ್ನು ನೋಡಿದ.
ತೂತು ಎರಡು ಎಂಎಂ ದೊಡ್ಡದು ಮಾಡಿ, ಕೀವೇ ಕೊರೆದು,
ಅವನೇ ಹೋಗಿ ಕೂರಿಸಿ ಬಂದ.

ಮೊದಲ ಬಾಣಲೆ ಕರ್ರಗೆ ಹೊತ್ತಿತಂತೆ.
ಉರಿ ಒಲೆಬಾಯಿಂದ ಮೊಳ ಉದ್ದ ಚಾಚಿತಂತೆ.
ಅವಳು ಬೈದದ್ದನ್ನು ಅವನು ನಮಗೆ
ಎರಡು ಸಲ ಹೇಳಿದ, ಸರ್ಟಿಫಿಕೇಟು ಓದುವವನ ಹಾಗೆ.
ಎರಡನೇದಕ್ಕೆ ಹೊಟ್ಟು ಅರ್ಧ ಹಾಕಿದಳು.
ಅಕ್ಕಿ ಬಿತ್ತೋ ಇಲ್ಲವೋ, ಎದ್ದಿತು,
ಕಾಲಿಟ್ಟೆ ಅನ್ನೋದರೊಳಗೆ.

ಈಗ ಸಂಜೆ ನಾವು ತಿನ್ನುವ ಮಂಡಕ್ಕಿ ಅವಳದೇ.
ಹಾಲೇಶಿ ಟರ್ಬೊ ಬಿಟ್ಟಿಲ್ಲ.
ಮುರಿಗೆಪ್ಪಜ್ಜ ಹಲ್ಲಿಲ್ಲದ ಬಾಯಿಗೆ ಒಂದು ಹಿಡಿ ಹಾಕಿಕೊಂಡು
ಕರಗುವ ತನಕ ಸುಮ್ಮನಿದ್ದು, ಆಮೇಲೆ ಕೇಳುತ್ತಾನೆ,
"ಇದರಾಗೆ ಎಷ್ಟು ಕುದುರೆ?"
ಪೇಪರಿನ ಎಣ್ಣೆ ಕಲೆಯ ಪಕ್ಕ
ಜಬೀವುಲ್ಲಾ ಹೊಸ ಪುಲ್ಲಿಯ ಸುತ್ತು ಬರೆಯುತ್ತಿದ್ದಾನೆ,
ಹಳೆಯದಕ್ಕಿಂತ ಒಂದು ಕೂದಲು ಸಣ್ಣ.