ಬೆಟ್ಟದಂಚಿನಲ್ಲಿ ಆಕಳಿಕೆ ಎಣಿಸುವಾಗ

ಬೆಳಗಿನ ಆರೂವರೆ. ಸಿಮಿಯೆನ್ ಬೆಟ್ಟದ ಅಂಚು.
ರಾತ್ರಿಯೆಲ್ಲ ಕೊರಕಲ ಗೋಡೆಗೆ ಅಂಟಿಕೊಂಡಿದ್ದ ಗೆಲಾಡ ಕೋತಿಗಳು
ಒಂದರ ಹಿಂದೊಂದು ಮೇಲೆ ಹತ್ತಿ ಬಂದು
ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಕುಂಡೆಯೂರಿವೆ,
ಎದೆಯ ಕೆಂಪನ್ನು ಬಿಸಿಲಿಗೆ ಬಿಚ್ಚಿಟ್ಟು.

ಬೆಜಾವಿತ್ ತೊಡೆಯ ಮೇಲೆ ಪಟ್ಟಿ ಹರಡಿದ್ದಾಳೆ. ಮೂರು ಕಾಲಂ:
ಹಲ್ಲು ಕಾಣದ ಆಕಳಿಕೆ,
ಹಲ್ಲು ಕಂಡ ಆಕಳಿಕೆ,
ಮೇಲ್ತುಟಿ ಮಗುಚಿ ಒಸಡೂ ಕಂಡದ್ದು.
ಒಂದಕ್ಕೆ ಒಂದು ಗೀಟು. ಐದಾದರೆ ಅಡ್ಡಗೀಟು.

"ಆಕಳಿಕೆಗೂ ಸಂಬಳ ಕೊಡುವ ಸರ್ಕಾರ ಯಾವುದು ತಾಯಿ?"
ಕಾವಲುಗಾರ ಅಸ್ನಾಕೆ ಕೇಳುತ್ತಾನೆ,
ಹುರಿದ ಜವೆಗೋಧಿ ಅಂಗೈಯಿಂದ ಬಾಯಿಗೆಸೆದು.

ಅವಳು ನಗುತ್ತಾಳೆ. ಗೊತ್ತಿದ್ದಷ್ಟು ಹೇಳುತ್ತಾಳೆ:
ರಕ್ತಕ್ಕೆ ಗಾಳಿ ಸಾಲದೆ ಅಂದರು, ಅಲ್ಲವಂತೆ.
ಕಾದ ಮಿದುಳನ್ನು ಆರಿಸಲಿಕ್ಕೆ ಅನ್ನುತ್ತಾರೆ, ಇರಬಹುದು.
ಬಸಿರಿನೊಳಗೆ, ಗಾಳಿಯೇ ಇಲ್ಲದ ನೀರಿನಲ್ಲಿ,
ಹುಟ್ಟದ ಮಗುವೂ ಬಾಯಿ ತೆರೆಯುತ್ತದೆ, ಯಾಕೋ.
ಹಾವು ತೆರೆಯುತ್ತದೆ, ಮೀನು ತೆರೆಯುತ್ತದೆ,
ಆದರೆ ಒಂದರದ್ದು ಇನ್ನೊಂದಕ್ಕೆ ಅಂಟುವುದು
ಕೆಲವೇ ಕುಲಗಳಲ್ಲಿ.
"ಇಲ್ಲಿ ಯಾರು ಯಾರ ಹೇನು ಹೆಕ್ಕುತ್ತಾರೋ
ಅವರಿಗೆ ಬೇಗ."

"ನಮ್ಮಜ್ಜಿ ಬಾಯಿಯ ಮುಂದೆ ಶಿಲುಬೆ ಗೀರುತ್ತಿದ್ದಳು,
ತೆರೆದ ಬಾಗಿಲು ಕಂಡು ಸೈತಾನ ನುಗ್ಗಿಯಾನು ಅಂತ."
ಆಮೇಲೆ ಸುಮ್ಮನಾದ.
ಬಂದೂಕನ್ನು ಒಂದು ಮೊಣಕಾಲಿಂದ ಇನ್ನೊಂದಕ್ಕೆ ಸರಿಸಿದ.

"ಗಡಿಯ ಯುದ್ಧದಲ್ಲಿ ನನಗೆ ಹತ್ತೊಂಬತ್ತು.
ನಸುಕಿಗೆ ನುಗ್ಗಬೇಕು ಅಂತ ಅಪ್ಪಣೆ.
ಆ ರಾತ್ರಿ ಕಂದಕದ ತುಂಬ ಆಕಳಿಕೆ, ಹುಡುಗಿ.
ನಿದ್ದೆಯದಲ್ಲ. ಎಲ್ಲರ ಕಣ್ಣೂ ಕೆಂಡದ ಹಾಗೆ ಎಚ್ಚರ.
ಈ ತುದಿಯವನು ಬಾಯಿ ತೆರೆದರೆ
ಆ ತುದಿವರೆಗೂ ಹೋಗುತ್ತಿತ್ತು,
ಕೈಯಿಂದ ಕೈಗೆ ನೀರಿನ ಡಬ್ಬ ದಾಟಿದ ಹಾಗೆ.
ನಾನು ಮಾತ್ರ ಹಲ್ಲು ಕಚ್ಚಿ ತಡೆದೆ.
ಹೊಸಬ ನೋಡು, ಹೆದರಿಕೆ ಕಾಣಬಾರದು.

ಬೆಳಕು ಹರಿಯುವಾಗ ಬಂದೂಕಿನ ದುರ್ಬೀನಿಗೆ ಕಣ್ಣಿಟ್ಟೆ.
ಎದುರು ದಿಬ್ಬದ ಮೇಲೆ ಅವರ ಪಹರೆಯವನು.
ಸಿಗರೇಟು ಹೊಸಕಿ, ಕಿವಿ ತುರಿಸಿಕೊಂಡು,
ಬಾಯಿ ಕಳೆದ. ದವಡೆ ಕಳಚಿ ಬಿದ್ದೀತು ಅನ್ನುವಷ್ಟು.
ಮುಂದಿನ ಹಲ್ಲೊಂದು ಇರಲಿಲ್ಲ ಅವನಿಗೆ.
ನನ್ನ ದವಡೆ ನನ್ನ ಮಾತು ಕೇಳಲಿಲ್ಲ.
ಕಣ್ಣಲ್ಲಿ ನೀರು ತುಂಬಿತು, ಗುರಿ ಕಲಸಿಹೋಯಿತು.
ನಮ್ಮವರು ರಾತ್ರಿಯೆಲ್ಲ ಕೊಟ್ಟರೂ ಈಸಿಕೊಳ್ಳದ್ದನ್ನು
ಅವನ ಕೈಯಿಂದ ಈಸಿಕೊಂಡೆ."

ಆಮೇಲೆ? ಅಂತ ಬೆಜಾವಿತ್ ಕೇಳಲಿಲ್ಲ.
ಪೆನ್ಸಿಲ್ಲಿನ ಮೊನೆ ಒಂದೇ ಕಡೆ ನಿಂತು
ಚುಕ್ಕೆ ದಪ್ಪವಾಗುತ್ತಿತ್ತು.

ಮುದಿ ಗಂಡೊಂದು ಕೇಸರ ಕೆದರಿಕೊಂಡು
ಇವರತ್ತ ತಿರುಗಿ ತುಟಿ ಮಗುಚಿತು.
"ಮೂರನೇ ಕಾಲಂ," ಅನ್ನಹೊರಟ ಅಸ್ನಾಕೆ.
ಮಾತಿನ ಬಾಲ ಅವನದೇ ಆಕಳಿಕೆಯೊಳಗೆ ಹೋಯಿತು.

ಅವಳು ಶಾಲಿನಿಂದ ಬಾಯಿ ಮುಚ್ಚಿಕೊಂಡಳು.
ಮುಚ್ಚಿದರೂ ಬಂತು.