ಕಂತು

ದೂಮಪ್ಪನ ಕೈಯಲ್ಲಿ ಪಿಸ್ತೂಲಿಲ್ಲ, ಭೂತಗನ್ನಡಿಯೂ ಇಲ್ಲ.
ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ
ಗೂಡಿನಿಂದ ಇಳಿದ ಬಿಸಿ ಹಂಚನ್ನು ಬೆರಳ ಗೆಣ್ಣಿನಲ್ಲಿ ತಟ್ಟಿ
ಟಣ್ ಅಂದರೆ ಈಚೆ, ಟಪ್ ಅಂದರೆ ಆಚೆ
ಇಡುತ್ತಿದ್ದವನು.
ಕಾರ್ಖಾನೆ ಮುಚ್ಚಿತು. ಕಿವಿ ಮುಚ್ಚಲಿಲ್ಲ.
ಈಗ ಮನುಷ್ಯರ ಮಾತು ತಟ್ಟಿ ನೋಡುತ್ತಾನೆ,
ತಾಸಿಗೆ ಹದಿನೈದು ರೂಪಾಯಿ,
ಬಸ್ ಚಾರ್ಜು ಬೇರೆ.

ಇದು ಕತೆ. ಹದಿಮೂರು ಕಂತಿಗೆ ಆಗುವಷ್ಟು.
ಬರೆದವರು ಗಣಿತದ ಮೇಷ್ಟ್ರು ಶ್ರೀಪತಿ ಉಪಾಧ್ಯರು.
ದುಡ್ಡು ಹಾಕಿದವರು ಹಂಪನಕಟ್ಟೆಯಲ್ಲಿ
ಮದುವೆ ವೀಡಿಯೊ ತೆಗೆಯುವ ಉಪೇಂದ್ರ ಮಲ್ಯರು.
ದೂಮಪ್ಪನಾದದ್ದು ವಿಮೆ ಏಜೆಂಟ್ ಸಂಜೀವ ಕರ್ಕೇರ,
ಎರಡು ಟೇಕಿನ ನಡುವೆ
ಹೆಣವಾಗಿ ಮಲಗಿದ್ದವನಿಗೂ ಒಂದು ಪಾಲಿಸಿ ಮಾಡಿಸಿದವನು.
ನಾನು ಮೈಕಿನ ಕೋಲು ಹಿಡಿದವನು.
ಹತ್ತೊಂಬತ್ತು ವರ್ಷ. ಭುಜ ನೋಯುತ್ತಿತ್ತು.
ಪರದೆಯಲ್ಲಿ ಹೆಸರು ಬರುತ್ತದೆ ಅಂದಿದ್ದರು.

ಕರ್ಕೇರನಿಗೆ ತಟ್ಟಲಿಕ್ಕೆ ಬರುತ್ತಿರಲಿಲ್ಲ.
ಪ್ರೀಮಿಯಂ ಕೇಳಲು ಬಂದವನ ಹಾಗೆ ಹಂಚಿನ ಬಾಗಿಲು ಬಡಿಯುತ್ತಿದ್ದ.
ಏಳು ಹಂಚು ಒಡೆದ ಮೇಲೆ
ಬೋಳಾರದಿಂದ ಸೆವ್ರಿನ್ ಬಾಯಿಯನ್ನು ಕರೆತಂದರು,
ನಿಜವಾಗಿ ತಟ್ಟಿದವಳು, ಮೂವತ್ತೊಂದು ವರ್ಷ.
ಬಳೆ ಬಿಚ್ಚಿಸಿ ಗಂಡಸಿನ ಅಂಗಿ ತೊಡಿಸಿದರು.
ಹತ್ತಿರದ ಶಾಟುಗಳಲ್ಲೆಲ್ಲ ಅವಳ ಕೈ,
ದೂರದಲ್ಲಿ ಅವನ ಮೀಸೆ.
ಹೀಗೆ ಇಬ್ಬರ ಮೈಯಲ್ಲಿ ಹಂಚಿಕೊಂಡು
ದೂಮಪ್ಪ ಹನ್ನೊಂದು ದಿನ ಬದುಕಿದ.

ಹೊಯ್ಗೆ ಬಜಾರಿನ ಗೋದಾಮು. ಗಡಿಯಾರದಂಗಡಿಯವ ಸತ್ತು ಬಿದ್ದಿದ್ದಾನೆ.
ಅಳಿಯ ಮಾತಾಡುತ್ತಾನೆ, ಗುಮಾಸ್ತ ಮಾತಾಡುತ್ತಾನೆ,
ಚಿಕ್ಕಮ್ಮ ಅಳುತ್ತಾಳೆ, ಅಳುತ್ತಾ ಮಾತಾಡುತ್ತಾಳೆ.
ದೂಮಪ್ಪ ಕಣ್ಣು ಮುಚ್ಚಿ ಕೇಳುತ್ತಾನೆ.
ಮೇಜಿನ ಮೇಲೆ ಸೆವ್ರಿನ್ ಬಾಯಿಯ ತೋರುಬೆರಳು
ಒಮ್ಮೆ ಮಿಸುಕುತ್ತದೆ.
ಅಲ್ಲಿಗೆ, ಬಿಳಿ ಅಕ್ಷರದಲ್ಲಿ: ಮುಂದುವರಿಯುವುದು.

ಮುಂದುವರಿಯಲಿಲ್ಲ.
ಬೆಂಗಳೂರಿನಿಂದ ಎರಡು ಸಾಲಿನ ಕಾಗದ ಬಂತು:
ಕಥಾವಸ್ತು ವಿಶಿಷ್ಟವಾಗಿದೆ.
ಧ್ವನಿ ಸ್ಪಷ್ಟವಾಗಿಲ್ಲ.
ಗೋದಾಮಿನ ಪಕ್ಕ ಮೀನಿಗೆ ಐಸು ಮಾಡುವ ಪ್ಲಾಂಟು,
ಅದರ ಮೋಟರು ಇಡೀ ಟೇಪಿನ ಅಡಿಯಲ್ಲಿ
ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು.
ಹೆಡ್‌ಫೋನು ಇದ್ದದ್ದು ನನ್ನ ಕಿವಿಯಲ್ಲಿ.
ಕೇಳಿಸಲೇ ಇಲ್ಲ, ಎಂದೆ.
ಮಲ್ಯರು ನಂಬಿದರು. ಊಟ ಆಯಿತಾ ಅಂತಲೂ ವಿಚಾರಿಸಿದರು.

ಧಾರಾವಾಹಿಗೆ ಒಂದೇ ಕಂತು.
ಮಲ್ಯರ ಸಾಲಕ್ಕೆ ಎಂಬತ್ತನಾಲ್ಕು.
ಅದೊಂದು ಮಾತ್ರ ತಿಂಗಳು ತಪ್ಪದೆ ಪ್ರಸಾರವಾಯಿತು.
ಉಪಾಧ್ಯರು ತೀರಿಕೊಂಡರು. ಟೇಪಿಗೆ ಬೂಸ್ಟು ಹಿಡಿಯಿತು.
ಕೊಂದವರು ಯಾರು ಎನ್ನುವುದು
ಯಾರ ಕಪಾಟಿನಲ್ಲೂ ಸಿಕ್ಕಲಿಲ್ಲ.

ಮೊನ್ನೆ ಬೋಳಾರಕ್ಕೆ ಹೋಗಿದ್ದೆ.
ಸೆವ್ರಿನ್ ಬಾಯಿಯ ಮನೆಗೂ ಈಗ ತಾರಸಿ.
ಹಳೆಯ ಹಂಚು ಒಂದೇ ಉಳಿದಿದೆ,
ಅದರ ಮೇಲೆ ನೀರಿನ ಹೂಜಿ.
ಕೊಂದವರು ಯಾರು ಬಾಯಿ, ನಿಮಗಾದರೂ ಗೊತ್ತುಂಟಾ?
'ಮೇಷ್ಟ್ರಿಗೇ ಗೊತ್ತಿರಲಿಲ್ಲ ಪುತಾ.
ನಾನು ಆವತ್ತೇ ಕೇಳಿದ್ದು.
ಎಲ್ಲಾ ಬರೆದಿಟ್ಟಿದ್ದೇನೆ ಬಾಯಿ ಅಂದರು.
ಟಪ್ ಅಂತ ಕೇಳಿತು.'

ನಕ್ಕೆವು. ಚಾ ಬಂತು.
ಮಾತು ಎಲ್ಲೆಲ್ಲೋ ಸುತ್ತಿ ಆ ಮೋಟರಿಗೆ ಬಂತು.
ನನಗೆ ಕೇಳಿಸಿದ್ದಿದ್ದರೆ ಹೇಳುತ್ತಿದ್ದೆ, ಎಂದೆ.
ಅವಳು ಹೂಜಿಯನ್ನು ಎತ್ತಿ ಪಕ್ಕಕ್ಕಿಟ್ಟಳು.
ಗಂಟುಗಟ್ಟಿದ ಬೆರಳನ್ನು ಬಾಗಿಸಿ
ಹಂಚನ್ನು ಒಂದು ಸಲ ತಟ್ಟಿದಳು.
ಹಂಚಿನಲ್ಲಿ ಬಿರುಕಿರಲಿಲ್ಲ.

ಬಂದರಿನ ದಾರಿಯಲ್ಲಿ ಆ ಪ್ಲಾಂಟು ಈಗಲೂ ಓಡುತ್ತದೆ.
ಅದರ ಗೇಟಿನ ಮುಂದೆ ಹೋಗುವಾಗ
ಸ್ಕೂಟರಿನ ಕಿವಿಯನ್ನು ಸ್ವಲ್ಪ ಜೋರಾಗಿಯೇ ಹಿಂಡುತ್ತೇನೆ.